ಡಲ್ಲಾಸ್‌ಗೆ ಹೊಸದಾಗಿ ಬಂದವರೇ, ಮೊದಲು ನೀರಿನ ವಾಲ್ವ್ ಎಲ್ಲಿದೆ ನೋಡಿಕೊಳ್ಳಿ

ಡಲ್ಲಾಸ್‌ಗೆ ಬರುವವರಿಗೆ ಎಲ್ಲರೂ ಬಿಸಿಲಿನ ವಿಷಯವನ್ನೇ ಹೇಳುತ್ತಾರೆ. ಅದು ಸುಳ್ಳಲ್ಲ. 2011ರಲ್ಲಿ ಇಲ್ಲಿ 71 ದಿನ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್, ಮುಟ್ಟಿತ್ತು ಇಲ್ಲವೇ ದಾಟಿತ್ತು. ಆದರೆ ಸೆಕೆ ನಮಗೆ ಗೊತ್ತಿರುವುದೇ, ಇಲ್ಲಿನ ಮನೆಗಳನ್ನೂ ಅದಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ನನಗೆ ಭಯ ಚಳಿಯದು. ಅದು ಅಪರೂಪಕ್ಕೆ ಬರುತ್ತದೆ, ಅದಕ್ಕೇ ಮನೆಗಳಿಗೂ ನಮಗೂ ಅಭ್ಯಾಸವಿಲ್ಲ.

2021ರ ಫೆಬ್ರವರಿ 16ರಂದು ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್ ದಾಖಲಾಯಿತು. ಸೆಲ್ಸಿಯಸ್‌ನಲ್ಲಿ ಮೈನಸ್ 19ರ ಹತ್ತಿರ. ಧ್ರುವದ ಕಡೆಯ ಗಾಳಿ ಕೆನಡಾ ದಾಟಿ ಕೆಳಗಿಳಿದರೆ ಅಡ್ಡ ನಿಲ್ಲಲು ಬೆಟ್ಟವಿಲ್ಲ, ಬರೀ ಬಯಲು. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದ ಬಹುಪಾಲಿಗೆ ಅಮೆರಿಕದ ಉಳಿದ ಭಾಗಕ್ಕಿಂತ ಬೇರೆಯದೇ ವಿದ್ಯುತ್ ಜಾಲ. ಹೊರಗಿನಿಂದ ತರಿಸಿಕೊಳ್ಳುವ ದಾರಿ ಕಡಿಮೆ. ಆ ವಾರ 40 ಲಕ್ಷಕ್ಕೂ ಜಾಸ್ತಿ ಮನೆಗಳಲ್ಲಿ ಕರೆಂಟ್ ಹೋಯಿತು.

ನಮ್ಮ ಮನೆಗೆ ಮೂರನೇ ದಿನ ಕರೆಂಟ್ ಬಂತು. ಆಮೇಲೆ ಬಿಸಿಲೂ ಬಂತು. ಬದುಕಿದೆವು ಎಂದುಕೊಂಡೆವು. ಮಧ್ಯಾಹ್ನ ಊಟದ ಮೇಜಿನ ನೇರಕ್ಕೆ ಸೀಲಿಂಗ್ ಮೆಲ್ಲಗೆ ಉಬ್ಬತೊಡಗಿತು. ನೋಡುತ್ತಿದ್ದಂತೆ ಬಾಯಿಬಿಟ್ಟು ನೀರು, ಒದ್ದೆ ಹತ್ತಿಯಂಥ ಇನ್ಸುಲೇಶನ್ ಎಲ್ಲ ಒಟ್ಟಿಗೆ ಸುರಿಯಿತು. ಪೈಪ್ ಒಡೆದದ್ದು ನೀರು ಹೆಪ್ಪುಗಟ್ಟಿದಾಗ, ನಮಗೆ ಗೊತ್ತಾದದ್ದು ಅದು ಕರಗಿದಾಗ. ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಹುಡುಕುವಷ್ಟರಲ್ಲಿ ಕಾರ್ಪೆಟ್ ಪೂರ್ತಿ ನೆನೆದಿತ್ತು.

ಅದಕ್ಕೇ ಬಂದ ವಾರವೇ ಇದೊಂದನ್ನು ನೋಡಿಡಿ. ಸಾಮಾನ್ಯವಾಗಿ ಮನೆ ಮುಂದಿನ ಹುಲ್ಲಿನಲ್ಲಿ, ರಸ್ತೆಯ ಅಂಚಿಗೆ, ಮೀಟರ್ ಪೆಟ್ಟಿಗೆಯ ಮುಚ್ಚಳ ಇರುತ್ತದೆ. ವಾಲ್ವ್ ಅಲ್ಲೇ ಒಳಗೋ ಪಕ್ಕದಲ್ಲೋ ಇರುತ್ತದೆ. ತಿರುಗಿಸುವ ಉದ್ದನೆಯ ಕೀ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದು ತಂದಿಡಿ. ಅಪಾರ್ಟ್‌ಮೆಂಟ್ ಆದರೆ ಆಫೀಸಿನಲ್ಲಿ ಕೇಳಿ, ರಾತ್ರಿ ಫೋನ್ ಮಾಡಬೇಕಾದ ನಂಬರ್ ಕೂಡ ಬರೆದಿಟ್ಟುಕೊಳ್ಳಿ.

ಚಳಿಯ ಎಚ್ಚರಿಕೆ ಬಂದ ದಿನ ಹೊರಗಿನ ನಲ್ಲಿಗಳಿಂದ ಹೋಸ್ ಬಿಚ್ಚಿ, ಕವರ್ ಹಾಕಿ. ಹೊರಗೋಡೆಗೆ ತಾಗಿದ ಸಿಂಕ್‌ಗಳ ಕೆಳಗಿನ ಬಾಗಿಲು ತೆರೆದಿಡಿ. ಅಲ್ಲಿ ಬಿಸಿನೀರು, ತಣ್ಣೀರು ಎರಡೂ ಸಣ್ಣಗೆ ತೊಟ್ಟಿಕ್ಕುತ್ತಿರಲಿ. ನೀರು ಪೋಲು ಮಾಡಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು, ಕೈ ಬರುವುದಿಲ್ಲ. ಆದರೂ ಬಿಡಿ.

ಕರೆಂಟ್ ಹೋದರೆ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಬಿಸಿಗೆಂದು ಗ್ಯಾರೇಜಿನಲ್ಲಿ ಕಾರು ಸ್ಟಾರ್ಟ್ ಮಾಡಿ ಕೂರಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಇದ್ದಿಲ ಗ್ರಿಲ್ ಒಳಗೆ ತರಬೇಡಿ. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. 2021ರಲ್ಲಿ ಇದರಿಂದಲೂ ಜನ ಸತ್ತರು. ಈ ಅನಿಲ ಇದ್ದರೆ ಕೂಗಿ ಎಚ್ಚರಿಸುವ, ಬ್ಯಾಟರಿಯಿಂದ ನಡೆಯುವ ಅಲಾರಂ ಒಂದು ಮನೆಯಲ್ಲಿರಲಿ, ದಯವಿಟ್ಟು.

ಇನ್ನು ರಸ್ತೆ. ಸೇತುವೆಗಳ ಮೇಲೆ ನೀರು ಮೊದಲು ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬರೀ ಒದ್ದೆಯಾದಂತೆ ಕಾಣುತ್ತದೆ. 2021ರ ಫೆಬ್ರವರಿ 11ರಂದು ಪಕ್ಕದ ಊರಾದ ಫೋರ್ಟ್ ವರ್ತ್‌ನಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ 6 ಜನ ತೀರಿಕೊಂಡರು. ಅಂಥ ದಿನ ಮ್ಯಾನೇಜರ್‌ಗೆ ಫೋನ್ ಮಾಡಿ, ಬರಲು ಆಗುವುದಿಲ್ಲ ಎಂದುಬಿಡಿ. ಹೊಸ ಕೆಲಸ ಅಂತ ಸಂಕೋಚ ಬೇಡ, ಇಲ್ಲಿ ಹಳಬರೂ ಅದನ್ನೇ ಮಾಡುತ್ತಾರೆ.