ಕಾಲರ್ ಒಳಗೊಂದು ಪಟ್ಟಿ

ಮೊನ್ನೆ ಮೊಮ್ಮಗ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ ಬಿಳಿ ಶರ್ಟಿನ ಕಾಲರನ್ನು ಬ್ರಷ್ ಹಿಡಿದು ಉಜ್ಜುತ್ತಿದ್ದ. ಉಜ್ಜುತ್ತಿದ್ದ ಏನು, ಕೆರೆಯುತ್ತಿದ್ದ. ಪಕ್ಕದಲ್ಲಿ ಹೊಗೆಯಾಡುವ ಬಿಸಿನೀರಿನ ಬಕೆಟ್ಟು. "ಅದು ನೆಲ ತಿಕ್ಕೋ ಬ್ರಷ್ಷಲ್ವೇನೋ?" ಅಂದೆ. "ಕಲೆ ಹೋಗ್ತಿಲ್ಲ ಅಜ್ಜಿ" ಅಂದ. ಹೇಗೆ ಹೋದೀತು? ಕುದಿನೀರು ಸುರಿದು ಕಲೆಯನ್ನು ಬಟ್ಟೆಗೇ ಬೇಯಿಸಿಟ್ಟ ಮೇಲೆ ನೂಲು ಕಿತ್ತು ಬರುತ್ತದೆಯೇ ಹೊರತು ಕಲೆ ಬರುವುದಿಲ್ಲ. ಅವನ ಅಮ್ಮನೂ ಹೀಗೇ, ಅಪ್ಪನೂ ಹೀಗೇ. ಬಾಯಲ್ಲಿ ಹೇಳಿದರೆ ಮೊಬೈಲ್ ನೋಡುತ್ತಾ ಹೂಂ ಅನ್ನುತ್ತಾರೆ, ಅದಕ್ಕೇ ಬರೆಯಲು ಕೂತೆ.

ಕಾಲರಿನ ಆ ಕಂದು ಗೆರೆಯನ್ನು ಎಲ್ಲರೂ ಬೆವರಿನ ಕಲೆ ಅಂತಾರೆ. ಬೆವರಿನಲ್ಲಿ ನೂರಕ್ಕೆ 99 ಪಾಲು ನೀರೇ, ಮಿಕ್ಕಿದ್ದು ಉಪ್ಪು ಗಿಪ್ಪು, ಜಾಲಿಸಿದರೆ ಹೋಗುತ್ತದೆ. ಕಚ್ಚಿಕೊಳ್ಳುವುದು ಚರ್ಮದ ಜಿಡ್ಡು. ಅದರ ಜೊತೆಗೆ ತಲೆಯಿಂದಿಳಿದ ಎಣ್ಣೆ, ಉದುರಿದ ಚರ್ಮದ ಹುಡಿ, ಧೂಳು, ಸಾಲದ್ದಕ್ಕೆ ಕುತ್ತಿಗೆಗೆ ಸುರಿದುಕೊಂಡ ಪೌಡರ್. ಬೆವರು ಇವನ್ನೆಲ್ಲ ಕಲಸಿ ಬಟ್ಟೆಗೆ ಮೆತ್ತುತ್ತದೆ ಅಷ್ಟೇ. ಮೊದಲೆರಡು ದಿನ ಆ ಜಿಡ್ಡಿಗೆ ಬಣ್ಣವೇ ಇರುವುದಿಲ್ಲ. ಬುಟ್ಟಿಯ ತಳದಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಗಾಳಿ ತಾಗಿ ಹಳದಿಯಾಗುತ್ತದೆ. ಅದರ ಮೇಲೊಂದು ಬಿಸಿ ಇಸ್ತ್ರಿ ಎಳೆದರೆ ಮುಗಿಯಿತು ಕಥೆ. ಆದರೂ "ಒಂದೇ ಸಲ ಹಾಕಿದ್ದಲ್ವಾ, ಇಸ್ತ್ರಿ ಮಾಡಿ ನಾಳೆಗೂ ಹಾಕ್ಕೋತೀನಿ" ಅನ್ನುವ ಜಾಣರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಜಿಡ್ಡು ಕಾಲರನ್ನು ಮುಟ್ಟದಂತೆ ನೋಡಿಕೊಂಡರೆ ಉಜ್ಜುವ ಮಾತೇ ಬರುವುದಿಲ್ಲ. ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಒಂದು ಉಪಾಯ ಕಲಿಸಿದ್ದರು, ಕಾಲರಿನ ಒಳಮೈಗೆ ಪಟ್ಟಿ ಕಟ್ಟುವುದು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನಮ್ಮ ಮನೆಯವರ ಶರ್ಟುಗಳಲ್ಲಿ ಮೈ ಬಟ್ಟೆ ಹಳತಾಗಿ ತೆಳುವಾಗುತ್ತಿತ್ತೇ ವಿನಾ ಕಾಲರ್ ಮೊದಲು ಹೋದದ್ದು ನಾನು ಕಾಣೆ.

ಪಟ್ಟಿಗೆ ಹೊಸ ಬಟ್ಟೆ ಬೇಡವೇ ಬೇಡ. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಬಟ್ಟೆ ಬೇಕು. ದಿಂಬಿನ ಕವರ್ ಆದರೆ ಸೊಗಸು. ನಡುವೆ ತಲೆಯಿಟ್ಟು ಜಾಳಾಗಿರುತ್ತದೆ, ಅದನ್ನು ಬಿಟ್ಟು ಅಂಚಿನ ಕಡೆಯದನ್ನು ತೆಗೆದುಕೊಳ್ಳಿ. ಹಳತು ಬೆವರನ್ನು ಚೆನ್ನಾಗಿ ಹೀರುತ್ತದೆ, ಮತ್ತೆ ಕುಗ್ಗುವುದೂ ಇಲ್ಲ. ಹೊಸದನ್ನು ಕಟ್ಟಿದರೆ ಮೊದಲ ಒಗೆತಕ್ಕೇ ಕುಗ್ಗಿ ಕಾಲರನ್ನು ಸುರುಟಿಸಿಬಿಡುತ್ತದೆ. ನೇರಕ್ಕೆ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ, ಟೈಲರ್‌ಗಳು ಕ್ರಾಸ್ ಪಟ್ಟಿ ಅಂತಾರಲ್ಲ, ಹಾಗೆ. ಓರೆ ಬಟ್ಟೆಯಾದರೆ ಎಳೆದ ಕಡೆ ಬಾಗುತ್ತದೆ, ಕುತ್ತಿಗೆ ತಿರುಗಿಸಿದರೂ ನಿರಿಗೆ ಬೀಳುವುದಿಲ್ಲ. ಉದ್ದ ಈ ಕಿವಿಯ ಕೆಳಗಿನಿಂದ ಆ ಕಿವಿಯ ಕೆಳಗಿನ ತನಕ ಸಾಕು, ಗಂಟಲಿನ ಮುಂದೆ ಬೇಕಿಲ್ಲ. ಅಂಚುಗಳನ್ನು ಒಳಗೆ ಮಡಿಸಿ ಉಗುರಿನಿಂದ ಗೀರಿದ ಮೇಲೆ ಎರಡು ಬೆರಳಿಗೆ ಕೊಂಚ ಕಮ್ಮಿ ಅಗಲ ಉಳಿಯಬೇಕು.

ಎಲ್ಲರೂ ಎಡವುವುದು ಕಟ್ಟುವಾಗ. ಮೊದಲ ಸಲ ನಾನು ಕಾಲರನ್ನು ಮಂಚದ ಮೇಲೆ ಚಪ್ಪಟೆಯಾಗಿ ಹರಡಿಕೊಂಡು ಹೊಲಿದೆ. ಹೊಲಿದಾಗ ಏನು ಚೆಂದ! ಇವರು ಹಾಕಿಕೊಂಡು ಗುಂಡಿ ಹಾಕಿದ್ದೇ ಪಟ್ಟಿ ಒಳಗೆ ಮುದುಡಿ, ಮೇಲಿನ ಅಂಚು ಕಾಲರಿನಿಂದಾಚೆ ಇಣುಕಿತು. ದಾರಿಯಲ್ಲಿ ಸಿಕ್ಕವರೆಲ್ಲ "ಕುತ್ತಿಗೆಗೆ ಏನಾಯ್ತು, ಬ್ಯಾಂಡೇಜ್ ಸುತ್ತಿದ್ದೀರಲ್ಲ?" ಅಂತ ವಿಚಾರಿಸಿದರಂತೆ. ಸಂಜೆ ಇವರು ಮಾತಾಡಲಿಲ್ಲ. ನಮ್ಮತ್ತೆ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಅಡುಗೆಮನೆಯಿಂದ ಒಂದು ಡಬ್ಬಿ ತಂದು ಮುಂದೆ ಕುಕ್ಕಿದರು. ಕುತ್ತಿಗೆಯಷ್ಟೇ ದಪ್ಪದ ಡಬ್ಬಿ. ಕಾಲರಿನ ಒಳಮೈ ಹೊರಗೆ ಕಾಣುವ ಹಾಗೆ ಡಬ್ಬಿಗೆ ಸುತ್ತಿದರೆ ತಪ್ಪು, ಬಾಗು ಉಲ್ಟಾ ಆಗುತ್ತದೆ. ಕಾಲರ್ ಕುತ್ತಿಗೆಗೆ ಕೂರುವ ಹಾಗೇ ಡಬ್ಬಿಗೆ ಸುತ್ತಿ, ಗುಂಡಿ ಹಾಕಿ, ಪಟ್ಟಿಯನ್ನು ಡಬ್ಬಿಗೂ ಕಾಲರಿಗೂ ನಡುವೆ ತೂರಿಸಿ ಬೆರಳಿನಿಂದ ನೀವಬೇಕು. ಆಗ ಒಳಸುತ್ತಿಗೆ ಎಷ್ಟು ಉದ್ದ ಬೇಕೋ ಅಷ್ಟರಲ್ಲೇ ಕೂರುತ್ತದೆ. ಮೇಲಂಚು ಕಾಲರಿನ ಮಡಿಕೆಗಿಂತ ಒಂದೆರಡು ನೂಲಿನಷ್ಟು ಕೆಳಗಿರಲಿ, ಇಲ್ಲದಿದ್ದರೆ ಬ್ಯಾಂಡೇಜ್. ಹಾಗೇ ಹಿಡಿದು ನಡುವೆ ಒಂದು, ಆಚೀಚೆ ಒಂದೊಂದು ಗುಂಡುಸೂಜಿ ಚುಚ್ಚಿ, ಆಮೇಲೆ ಡಬ್ಬಿಯಿಂದ ಬಿಡಿಸಿ.

ಹೊಲಿಗೆ ಹಿಂಗುತ್ತಿಗೆಯ ನಡುವಿನಿಂದ ಶುರುವಾಗಲಿ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಬಟ್ಟೆ ಜಾರಿರುತ್ತದೆ. ಉದ್ದುದ್ದ ಕಚ್ಚಾ ಹೊಲಿಗೆ ಸಾಕು. ಸೂಜಿ ಒಳಗಿನ ಒಂದೇ ಪದರ ಕಚ್ಚಬೇಕು, ಕಾಲರಿನೊಳಗೆ ಬಿಗಿಗೆಂದು ಇಟ್ಟ ಗಟ್ಟಿ ಬಟ್ಟೆ, ಅಂದರೆ ಬಕ್ರಂ, ದಾಟಿ ಹೊರಗೆ ಬಂದರೆ ಕಾಲರ್ ಮೇಲೆ ಇರುವೆ ಸಾಲು ಹೊರಟ ಹಾಗೆ ಕಾಣುತ್ತದೆ. ದಾರಕ್ಕೆ ಗಂಟು ಹಾಕಬೇಡಿ. ಗಂಟು ದಿನವಿಡೀ ಕುತ್ತಿಗೆ ಕೆರೆಯುತ್ತದೆ. ಅದರ ಬದಲು ಒಂದೇ ಕಡೆ ಎರಡು ಸಲ ಸೂಜಿ ಹಾಕಿ, ಬೆರಳಗಲ ಬಾಲ ಬಿಟ್ಟು ಪಟ್ಟಿಯ ಒಳಕ್ಕೆ ತೂರಿಸಿ. ವಾರ ಕಳೆದ ಮೇಲೆ ಪಟ್ಟಿ ಬದಲಿಸುವಾಗ ಆ ಎರಡು ಹೊಲಿಗೆ ಕತ್ತರಿಸಿ ಬಾಲ ಹಿಡಿದೆಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಆರು ಪಟ್ಟಿ ಒಟ್ಟಿಗೆ ಕತ್ತರಿಸಿಟ್ಟುಕೊಂಡರೆ ಒಂದು ಕಟ್ಟಲು ಹಾಡು ಮುಗಿಯುವಷ್ಟು ಹೊತ್ತು. ಅಷ್ಟಕ್ಕೂ ಪುರುಸೊತ್ತಿಲ್ಲ ಅನ್ನುವವರು ಬ್ರಷ್ ಹಿಡಿದು ಅರ್ಧ ಗಂಟೆ ಕೂರುತ್ತಾರೆ, ಅದಕ್ಕೆ ಮಾತ್ರ ಪುರುಸೊತ್ತಿದೆ.

ಇದೇನು ನಮ್ಮತ್ತೆಯೊಬ್ಬರಿಗೇ ಹೊಳೆದದ್ದಲ್ಲ. 1827ರಲ್ಲಿ ಅಮೆರಿಕದ ಟ್ರಾಯ್ ಎಂಬ ಊರಿನ ಹ್ಯಾನಾ ಮೊಂಟೇಗ್ ಅನ್ನುವಾಕೆ, ಕಾಲರ್ ಕೊಳೆಯಾಯಿತೆಂದು ಗಂಡನ ಇಡೀ ಶರ್ಟ್ ಒಗೆದು ಒಗೆದು ಬೇಸತ್ತು, ಕಾಲರನ್ನೇ ಕತ್ತರಿಸಿ ತೆಗೆದು, ಬೇರೆಯಾಗಿ ಒಗೆದು ಮತ್ತೆ ಸೇರಿಸಿದಳಂತೆ. ಕಳಚಿ ಹಾಕುವ ಕಾಲರ್ ಹುಟ್ಟಿದ್ದು ಹಾಗೆ ಅಂತಾರೆ. ಆ ಊರಿನಲ್ಲಿ ಕಾಲರ್ ಕಾರ್ಖಾನೆಗಳೇ ಎದ್ದು, ಅದಕ್ಕೆ ಕಾಲರ್ ಸಿಟಿ ಎಂದೇ ಹೆಸರು ಬಿತ್ತು. ಓದಿದಾಗ ನನಗೆ ಆಕೆಯ ಕೈ ಕುಲುಕಬೇಕು ಅನಿಸಿತು.

ಇನ್ನು ಒಗೆಯುವುದು. ಪಟ್ಟಿಯಿದ್ದರೂ ಮಡಿಕೆಯ ಅಂಚಿಗೆ ಒಂದಿಷ್ಟು ಜಿಡ್ಡು ಕೂತೇ ಕೂರುತ್ತದೆ. ಶರ್ಟ್ ಕಳಚಿದ ರಾತ್ರಿಯೇ ಅಂಚನ್ನು ತಣ್ಣೀರಲ್ಲಿ ಒದ್ದೆ ಮಾಡಿ, ಪಾತ್ರೆ ತೊಳೆಯುವ ದ್ರವ ಸೋಪನ್ನು ಎರಡು ಹನಿ ಬಿಟ್ಟು ಹೆಬ್ಬೆರಳಿನಿಂದ ಸವರಿ. ತಲೆಗೆ ಎಣ್ಣೆ ಹಚ್ಚುವವರಾದರೆ ಶಾಂಪೂ ಆದೀತು. ಕಾಲು ಗಂಟೆ ಬಿಟ್ಟು ಬಟ್ಟೆಗೆ ಬಟ್ಟೆ ತಾಗಿಸಿ ಮೆಲ್ಲಗೆ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ. ಹಳೆಯ ಗೆರೆಯಾದರೆ ಕೊಳೆಯನ್ನು ಒಡೆಯುವ ಎಂಜೈಮ್ ಇರುವ ಡಿಟರ್ಜೆಂಟ್ ಕಲಸಿ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ. ಅದಕ್ಕೆ ಹೊತ್ತು ಬೇಕು, ಅವಸರ ಮಾಡಿದರೆ ಕೆಲಸ ಮಾಡುವುದಿಲ್ಲ. ಕುದಿನೀರಲ್ಲಿ ಎಂಜೈಮೇ ಸತ್ತುಹೋಗುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಇದನ್ನು ತಾಗಿಸಬೇಡಿ, ಆ ನೂಲನ್ನೇ ತಿಂದುಬಿಡುತ್ತದೆ.

ಬ್ಲೀಚ್ ವಿಷಯ ಹೇಳಿ ಹೇಳಿ ಸಾಕಾಗಿದೆ. ಕ್ಲೋರಿನ್ ಬ್ಲೀಚ್ ಸುರಿದರೆ ಬೆವರು ಜಿಡ್ಡಿನ ಕಲೆ ಬೆಳ್ಳಗಾಗುವ ಬದಲು ಇನ್ನೂ ಹಳದಿಯಾಗಬಹುದು, ಜೊತೆಗೆ ಹತ್ತಿ ಪಿಸಿದುಹೋಗುತ್ತದೆ. ಬಿಳಿ ಬಟ್ಟೆಗೆ ಏನಾದರೂ ಹಾಕಲೇಬೇಕೆಂದರೆ ಔಷಧಿ ಅಂಗಡಿಯ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಗೆಯಿರಿ. ಎರಡನ್ನೂ ಬೆರೆಸುವ ಹುಚ್ಚು ಸಾಹಸ ಬೇಡ. ಕುತ್ತಿಗೆಗೆ ಸನ್‌ಸ್ಕ್ರೀನ್ ಹಚ್ಚುವವರ ಕಾಲರಿನಲ್ಲಿ ತುಕ್ಕಿನ ಬಣ್ಣ ಕಂಡರೆ ಅದು ಕೆಲವು ಸನ್‌ಸ್ಕ್ರೀನ್‌ಗಳಿಗೂ ನೀರಿನ ಕಬ್ಬಿಣದ ಅಂಶಕ್ಕೂ ಆಗುವ ಜಗಳ. ಬ್ಲೀಚ್ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹಚ್ಚಿದ್ದು ಆರಿದ ಮೇಲೆ ಶರ್ಟ್ ಹಾಕಿಕೊಳ್ಳಿ, ಅಷ್ಟೇ.

ಪಟ್ಟಿಗೆ ಘಮ ಬರಲಿ ಅಂತ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟುತ್ತದೆ, ಆಮೇಲೆ ಬಟ್ಟೆ ನೀರು ಹೀರುವುದಿಲ್ಲ. ಟವಲ್‌ಗೂ ಇದೇ ಮಾತು. ಮಗಳ ಮನೆಯ ಟವಲ್ ಮುಟ್ಟಿದರೆ ಬೆಕ್ಕಿನ ಮರಿ ಹಾಗಿದೆ, ಒರೆಸಿಕೊಂಡರೆ ನೀರು ಮೈಮೇಲೇ ಅತ್ತಿಂದಿತ್ತ ಓಡಾಡುತ್ತದೆ. ಅವಳಿಗೆ ಹೇಳಿದೆ, ಕೇಳಲಿಲ್ಲ.

ಸವೆತಕ್ಕೆ ಇನ್ನೊಂದು ಕಾರಣ ಗಡ್ಡ. ಎರಡು ದಿನದ ಕುರುಚಲು ಗಡ್ಡ ಉಪ್ಪುಕಾಗದವಿದ್ದ ಹಾಗೆ, ತಲೆಯಾಡಿಸಿದಾಗಲೆಲ್ಲ ಕಾಲರಿನ ಮಡಿಕೆಯನ್ನು ಉಜ್ಜುತ್ತದೆ. ಬೋಳಿಸಿ, ಇಲ್ಲವೇ ಮೆತ್ತಗಾಗುವಷ್ಟು ಬೆಳೆಸಿ, ನಡುವೆ ನಿಲ್ಲಬೇಡಿ. ಗುಂಡಿ ಹಾಕಿದ ಕಾಲರಿನೊಳಗೆ ಎರಡು ಬೆರಳು ಹೋಗದಿದ್ದರೆ ಆ ಶರ್ಟ್ ನಿಮ್ಮ ಅಳತೆಯದಲ್ಲ. ಕೆಲವು ಕಾಲರಿನ ತುದಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ, ಒಗೆಯುವ ಮುಂಚೆ, ಇಸ್ತ್ರಿಗೂ ಮುಂಚೆ ತೆಗೆದಿಡಿ. ಗಂಜಿ ಕೈ ಬಿಗಿಹಿಡಿದು ಹಾಕಿ, ಹಪ್ಪಳದ ಹಾಗೆ ಮಾಡಿದರೆ ಮಡಿಸಿದಲ್ಲೇ ನೂಲು ಮುರಿಯುತ್ತದೆ. ಇಸ್ತ್ರಿ ಮಾಡುವಾಗ ಕಾಲರನ್ನು ಬಿಡಿಸಿ ಹರಡಿ, ಅಡಿಮೈ ಮೊದಲು, ತುದಿಗಳಿಂದ ನಡುವಿಗೆ. ಆಮೇಲೆ ಬೆಚ್ಚಗಿರುವಾಗಲೇ ಕೈಯಿಂದ ಮಡಿಸಿ. ಮಡಿಕೆಯ ಮೇಲೆ ಇಸ್ತ್ರಿ ಒತ್ತಿ ಕತ್ತಿಯಂಚು ಮಾಡುವವರನ್ನು ಕಂಡರೆ ನನ್ನ ಕೈ ತುರಿಸುತ್ತದೆ.

ಇಷ್ಟಾದರೂ ಮಡಿಕೆಯಲ್ಲಿ ನೂಲು ಬಿಟ್ಟಿತು ಅನ್ನಿ. ಶರ್ಟ್ ಎಸೆಯಬೇಡಿ, ಕಾಲರ್ ತಿರುಗಿಸಿ. ಕುತ್ತಿಗೆ ಸುತ್ತ ನಿಲ್ಲುವ ಶರ್ಟಿನದೇ ಪಟ್ಟಿಗೂ (ನಾವು ಕಟ್ಟಿದ್ದಲ್ಲ) ಮೇಲೆ ಮಡಚುವ ಕಾಲರಿಗೂ ನಡುವಿನ ಹೊಲಿಗೆ ಬಿಚ್ಚಿ, ಮೇಲಿನದನ್ನು ಅಡಿಮೇಲು ಮಾಡಿ, ಮತ್ತೆ ಅದೇ ಬಾಯಿಗೆ ತೂರಿಸಿ ಹೊಲಿದರೆ ಸವೆದದ್ದು ಅಡಿಗೆ ಹೋಗುತ್ತದೆ, ಹೊಸದು ಮೇಲೆ ಬರುತ್ತದೆ. ಬಿಚ್ಚುವ ಮೊದಲು ನಡುವಿಗೆ ಗುಂಡುಸೂಜಿಯಲ್ಲಿ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಆಗುತ್ತದೆ. ಟೈಲರ್ ಗೊಣಗುತ್ತಾನೆ, ಆದರೂ ಮಾಡಿಕೊಡುತ್ತಾನೆ. ಆ ಪ್ಲಾಸ್ಟಿಕ್ ಕಡ್ಡಿಯ ಕಾಲರಿಗೆ ಮಾತ್ರ ಇದು ಆಗದು. ಕಡ್ಡಿ ತೂರಿಸುವ ಸೀಳು ಅಡಿಮೈಯಲ್ಲಿರುವುದು, ತಿರುಗಿಸಿದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅಂಥ ಶರ್ಟಿಗೆ ತಂದ ದಿನವೇ ಪಟ್ಟಿ ಕಟ್ಟಿಬಿಡಿ.