ಲಾಗ್‌ಬುಕ್ ಇಲ್ಲದ ಅರ್ಧ ಕಟ್ಟಿದ ವಿಮಾನ: ನಾವು ತಪಾಸಣೆ ಮಾಡಿದ ಬಗೆ

ಬೆಳಗಾವಿಯ ಉದ್ಯಮಬಾಗದ ಶೆಡ್ಡಿಗೆ ಬಂದ ಎರಡು ಸೀಟಿನ ಕಿಟ್ ವಿಮಾನದ (ಬಿಡಿಭಾಗಗಳನ್ನು ತರಿಸಿ ಹವ್ಯಾಸಿಗಳೇ ಜೋಡಿಸುವ ವಿಮಾನ) ಜೊತೆ ನಕ್ಷೆಗಳಿದ್ದವು, ಕಟ್ಟಿದವರು ಕೆಲಸವನ್ನು ಬರೆದಿಡುವ ಲಾಗ್‌ಬುಕ್ ಇರಲಿಲ್ಲ. ಇಂಥಲ್ಲಿ ಹಿಂದಿನ ತಾರೀಖು ಹಾಕಿ ಲಾಗ್ ಬರೆಯುವ ಮಾತೇ ಬೇಡ. ಹೊಸ ಪುಸ್ತಕ ತೆರೆದು ‘ಬಂದಾಗಿನ ಸ್ಥಿತಿ’ ಎಂದು ಫೋಟೊ ಸಮೇತ ದಾಖಲಿಸಿದೆವು. ಯಾವ ಭಾಗ ಯಾರು ಕಟ್ಟಿದರೆಂದು ಹಳೇ ಮಾಲೀಕರಿಂದ ಅಫಿಡವಿಟ್, ಕಿಟ್ಟಿನ ಬಿಲ್ ಪಡೆದೆವು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ನಿಯಮದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದೇ ಆಗಿರಬೇಕು. ನಡುವೆ ಕೈ ಬದಲಾದರೂ ನಡೆಯುತ್ತದೆ, ದುಡ್ಡು ಕೊಟ್ಟು ಮಾಡಿಸಿದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಒಪ್ಪಿಗೆ ಕೊಡುವುದು ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ. ಇಂಥ ವಿಮಾನಕ್ಕೆ ಮುಂಗಡ ಕೊಡುವ ಮೊದಲೇ ಅವರನ್ನು ಲಿಖಿತವಾಗಿ ಕೇಳಿಕೊಳ್ಳುವುದು ಚಲೋ.

ಹೆಚ್ಚು ಹೊತ್ತು ಹಿಡಿದದ್ದು ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಮೊಳೆ. 1/8 ಇಂಚಿನ ರಿವೆಟ್ಟಿನ ಒಳತಲೆ (ಬಡಿದಾಗ ಹಿಂಬದಿಯಲ್ಲಿ ಚಪ್ಪಟೆಯಾಗುವ ತುದಿ) 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು, ಅಂದರೆ ವ್ಯಾಸದ ಒಂದೂವರೆ ಪಟ್ಟು ಮತ್ತು ಅರ್ಧ. ಪಟ್ಟಿಯೊಂದರಲ್ಲಿ 4.8ರ ತೂತು ಕೊರೆಸಿ ಗೇಜ್ ಮಾಡಿಕೊಂಡೆವು. ತಲೆ ಅದರೊಳಗೆ ತೂರಿದರೆ ಸಣ್ಣದೆಂದು ಮಾರ್ಕರ್ ಗುರುತು, ಆಮೇಲೆ ವರ್ನಿಯರ್ ಕ್ಯಾಲಿಪರಿನಿಂದ ನಿಖರ ಅಳತೆ. ಕೂದಲೆಳೆ ಕಡಿಮೆ ಇದ್ದದ್ದನ್ನೆಲ್ಲ ಕಿತ್ತರೆ ತೂತು ದೊಡ್ಡದಾಗಿ ಮೊದಲಿಗಿಂತ ಕೆಡುತ್ತದೆ. ಕೀಳಲೇಬೇಕಾದರೆ 30 ನಂಬರ್ ಡ್ರಿಲ್ಲಿನಿಂದ ತಲೆಯ ಆಳದಷ್ಟೇ ಕೊರೆದು, ತಲೆ ಮುರಿದು, ಹಿಂದೆ ಆಸರೆ ಕೊಟ್ಟು ಪಂಚಿನಿಂದ ತಟ್ಟಬೇಕು. ತೂತಿನ ನಡುವಿನಿಂದ ತಗಡಿನ ಅಂಚಿಗೆ ವ್ಯಾಸದ ಎರಡು ಪಟ್ಟು, ಅಂದರೆ 6.35 ಮಿ.ಮೀ. ಇದೆಯೇ ಎಂದೂ ನೋಡಿ.

ತಗಡಿನ ಮೇಲೆ 2024-ಟಿ3 (ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹದ ಹೆಸರು) ಎಂಬ ಅಚ್ಚು ಸಿಗದ ಭಾಗಗಳನ್ನು ವಾದ ಮಾಡದೆ ಬದಲಿಸಿದೆವು. ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆ ವರ್ಷಗಟ್ಟಲೆ ಬಿಟ್ಟಿದ್ದರೆ ಅಡಿಯಲ್ಲಿ ತೇವ ಕೂತು ಬಿಳಿ ತುಕ್ಕು ಹಿಡಿಯುತ್ತದೆ. ಬೆಳಗಾವಿ ಮಳೆಗಾಲದಲ್ಲಂತೂ ಕೇಳಲೇಬೇಡಿ. ಮುಚ್ಚಿದ ಜಾಗಕ್ಕೆ ಬೋರೋಸ್ಕೋಪ್ (ಕಿರಿದಾದ ಜಾಗಕ್ಕೆ ತೂರಿಸಿ ನೋಡುವ ಉಪಕರಣ) ಬಿಟ್ಟೆವು, ಅದಕ್ಕೂ ಕಾಣದಿದ್ದಲ್ಲಿ ತಗಡೇ ಬಿಚ್ಚಿದೆವು.

ತಲೆಯ ಮೇಲೆ ಅಡ್ಡಗೆರೆಗಳ ಗುರುತಿಲ್ಲದ ಸ್ಟೀಲ್ ಬೋಲ್ಟೆಲ್ಲ ಗುಜರಿಗೆ. ಎಎನ್3 (3/16 ಇಂಚಿನ ವಿಮಾನ ಬೋಲ್ಟ್)ಗೆ 20-25, ಎಎನ್4 (1/4 ಇಂಚಿನದು)ಗೆ 50-70 ಇಂಚ್-ಪೌಂಡ್ ಟಾರ್ಕ್, ಅಂದರೆ ತಿರುಗಿಸುವ ಬಲ; ಎಣ್ಣೆ ಹಚ್ಚದೆ, ಬೋಲ್ಟನ್ನಲ್ಲ, ನಟ್ಟನ್ನೇ ತಿರುಗಿಸಿ. ತಾನಾಗಿ ಸಡಿಲವಾಗದ ಲಾಕ್ ನಟ್ ತಿರುಗಲು ಒಡ್ಡುವ ಬಿಗಿಯನ್ನು ಬೇರೆ ಅಳೆದು ಈ ಅಂಕಿಗೆ ಕೂಡಿಸಬೇಕು. ಟಾರ್ಕ್ ವ್ರೆಂಚಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಫೈಲಿನಲ್ಲಿರಲಿ, ಇಲ್ಲದಿದ್ದರೆ ಬರೆದ ಅಂಕಿಗೆ ಬೆಲೆಯಿಲ್ಲ.

ಸೋರಿಕೆ ನೋಡಲೆಂದು ಇಂಧನ ಟ್ಯಾಂಕಿಗೆ ಕಂಪ್ರೆಸರ್ ಹಚ್ಚಿದರೆ ಉಬ್ಬಿ ಸೀಲು ಬಿಡುತ್ತದೆ. ಯು ಆಕಾರದ ಪಾರದರ್ಶಕ ಪೈಪಿನಲ್ಲಿ ನೀರು ಹಾಕಿ, ಅದರ ಒಂದು ತುದಿಯನ್ನು ಟ್ಯಾಂಕಿಗೆ ಜೋಡಿಸಿ, ಎರಡು ತೋಳಿನ ಮಟ್ಟದಲ್ಲಿ 70 ಸೆಂ.ಮೀ. ವ್ಯತ್ಯಾಸ ಬರುವಷ್ಟೇ, ಅಂದರೆ ಸುಮಾರು 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ), ಮೆಲ್ಲಗೆ ಗಾಳಿ ತುಂಬಿ, ಗುಳ್ಳೆ ಏಳುತ್ತದೆಯೇ ನೋಡಲು ಸೋಪಿನ ನೀರು ಸವರಿ. ಶೆಡ್ಡಿನ ಪತ್ರಾ ಕಾಯ್ದರೆ ಮಟ್ಟ ತಾನೇ ಏರಿ ಸೋರಿಕೆಯನ್ನು ಮುಚ್ಚಿಡುತ್ತದೆ, ಆದ್ದರಿಂದ ಈ ಕೆಲಸ ಬೆಳಕು ಹರಿಯುವ ಮೊದಲೇ.