ಲಾಭ ಇದೆ, ಗಲ್ಲಾಪೆಟ್ಟಿಗೆ ಯಾಕೆ ಖಾಲಿ?

ಇಳಕಲ್‌ನ ಹಳೇ ಸೀರೆ ಅಂಗಡಿಗಳಲ್ಲಿ ದೀಪಾವಳಿ ಲಕ್ಷ್ಮೀ ಪೂಜೆಗೆ ಖಾತೆ-ಕಿರ್ದಿ ಪುಸ್ತಕಕ್ಕೂ ಅರಿಶಿನ ಕುಂಕುಮ ಏರುತ್ತದೆ. ಈಗ ಎಷ್ಟೋ ಕಡೆ ಲೆಕ್ಕ ಕಂಪ್ಯೂಟರ್‌ಗೆ ಹೋಗಿದೆ, ಬರೆಯಲು ಬೇರೆಯವರಿದ್ದಾರೆ. ವ್ಯಾಪಾರ ನೋಡಿಕೊಳ್ಳುವ ಮ್ಯಾನೇಜರ್‌ಗೆ ಲೆಕ್ಕ ಬರೆಯಲು ಬಾರದಿದ್ದರೂ ನಡೆಯುತ್ತದೆ. ಓದಲು ಮಾತ್ರ ಬರಲೇಬೇಕು.

ಮೊದಲು ಕಿರ್ದಿ, ಖತಾವಣಿ ಎರಡನ್ನೂ ತೆರೆದು ನೋಡಿ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ಇರುತ್ತದೆ. ಖತಾವಣಿಯಲ್ಲಿ ಅದೇ ವ್ಯವಹಾರ ಆಯಾ ಖಾತೆಗೆ ಹೋಗಿ ಸೇರುತ್ತದೆ. ಪ್ರತಿ ವ್ಯವಹಾರಕ್ಕೂ ಎರಡು ಮುಖ. ರೇಷ್ಮೆ ನೂಲನ್ನು ರೋಖ ಕೊಟ್ಟು ತಂದರೆ ದಾಸ್ತಾನು ಏರುತ್ತದೆ, ರೋಖ ಇಳಿಯುತ್ತದೆ. ಉದ್ರಿ ತಂದರೆ ದಾಸ್ತಾನಿನ ಜೊತೆ ಸಾಲವೂ ಏರುತ್ತದೆ. ಮಾಲೀಕರು ಮನೆಖರ್ಚಿಗೆ ತೆಗೆದ ದುಡ್ಡನ್ನು ಅಂಗಡಿ ಖರ್ಚಿಗೆ ಸೇರಿಸಬೇಡಿ, ಅದಕ್ಕೆ ಬೇರೆ ಖಾತೆ ಇಡಿ. ಗಿರಾಕಿಯಿಂದ ಪಡೆದ ಜಿಎಸ್‌ಟಿ ಕೂಡ ನಿಮ್ಮ ಆದಾಯವಲ್ಲ, ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡು.

ಆಮೇಲೆ ಲಾಭ-ನಷ್ಟದ ಪಟ್ಟಿ. ಒಂದು ಅಂಗಡಿ ತಿಂಗಳಿಗೆ 4,00,000 ರೂಪಾಯಿ ಸೀರೆ ಮಾರಿತು ಅಂದುಕೊಳ್ಳಿ. ಆ ಸೀರೆಗಳಿಗೆ ಬಿದ್ದ ಖರೀದಿ ದರ 2,80,000. ಬಾಡಿಗೆ, ಪಗಾರ, ಕರೆಂಟು ಸೇರಿ 70,000. ಉಳಿದ ಲಾಭ 50,000. ಖುಷಿಯ ವಿಷಯ, ಅಲ್ವಾ?

ಈಗ ಗಲ್ಲಾಪೆಟ್ಟಿಗೆ ನೋಡಿ. ಮಾರಿದ್ದರಲ್ಲಿ 1,50,000 ಉದ್ರಿ ಹೋಗಿದೆ, ಕೈಗೆ ಬಂದದ್ದು 2,50,000 ಮಾತ್ರ. ನೇಕಾರರಿಗೆ ಪೂರ್ತಿ ದುಡ್ಡು ಕೊಟ್ಟು, ಖರ್ಚೂ ತೀರಿಸಿದ್ದೀರಿ. ಅಲ್ಲಿಗೆ 3,50,000 ಹೋಯಿತು. ಲಾಭ 50,000 ಇದ್ದರೂ ರೋಖ 1,00,000 ಕಡಿಮೆಯಾಗಿದೆ! ಒಳ್ಳೆಯ ವ್ಯಾಪಾರಸ್ಥರು ಎಡವುವುದು ಇಲ್ಲೇ. ಲಾಭ ಬಂದಿದೆ ಅಂತ ಹೊಸ ಮಾಲಿಗೆ ಆರ್ಡರ್ ಕೊಡುತ್ತಾರೆ, ಪಗಾರದ ದಿನ ಸಾಲ ಹುಡುಕುತ್ತಾರೆ.

ಆ ದುಡ್ಡು ಎಲ್ಲಿದೆ ಅಂತ ಹೇಳುವುದು ಅಢಾವೆ ಪತ್ರಿಕೆ. ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಸಾಲ ಮತ್ತು ಬಂಡವಾಳ. ಎರಡೂ ಸಮ ಇರಬೇಕು. ಬರಬೇಕಾದ ಉದ್ರಿ 1,50,000 ಏರಿತು, ರೋಖ 1,00,000 ಇಳಿಯಿತು. ವ್ಯತ್ಯಾಸ 50,000. ಅದೇ ನಿಮ್ಮ ಲಾಭ, ಗಿರಾಕಿಗಳ ಹತ್ತಿರ ಕೂತಿದೆ. ನಿಮ್ಮದೇ ಮಗ್ಗ ಇದ್ದರೆ ಅದರ ಮೇಲೆ ಅರ್ಧ ನೇಯ್ದ ಸೀರೆಯೂ ಆಸ್ತಿಯೇ, ಮಾರ್ಚ್ 31ಕ್ಕೆ ದಾಸ್ತಾನು ಎಣಿಸುವಾಗ ಮರೆಯಬೇಡಿ. ಬೆಲೆ ಕಟ್ಟುವಾಗ ಬಿದ್ದ ಖರ್ಚು ಮತ್ತು ಮಾರಿದರೆ ಸಿಗುವ ಬೆಲೆ, ಎರಡರಲ್ಲಿ ಕಡಿಮೆ ಯಾವುದೋ ಅದನ್ನೇ ಹಿಡಿಯಿರಿ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಸೀರೆಗೆ ಹಳೇ ದರ ಬರೆದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ.

ರಿಯಾಯಿತಿ ಕೊಡುವ ಮುಂಚೆಯೂ ಲೆಕ್ಕ ಹಾಕಿ. 700 ರೂಪಾಯಿಗೆ ಬಿದ್ದ ಸೀರೆಯನ್ನು 1,000ಕ್ಕೆ ಮಾರಿದರೆ 300 ಉಳಿಯುತ್ತದೆ. ಶೇ 10 ಬಿಟ್ಟರೆ ಉಳಿಯುವುದು 200. ಅಷ್ಟೇ ಗಳಿಸಲು ಎರಡು ಸೀರೆ ಮಾರುತ್ತಿದ್ದ ಕಡೆ ಮೂರು ಮಾರಬೇಕು.

ಪ್ರತಿ ಸೋಮವಾರ ಉದ್ರಿ ಪಟ್ಟಿ ತರಿಸಿ. 30 ದಿನದ ಒಳಗಿನದು, 60, 90 ದಾಟಿದ್ದು ಅಂತ ಬೇರೆ ಬೇರೆ ಬರೆಸಿ. 90 ದಾಟಿದ ಹೆಸರುಗಳಿಗೆ ಅವತ್ತೇ ಫೋನ್ ಹಚ್ಚಿ, ಕೊಡುತ್ತೇನೆ ಎಂದ ತಾರೀಖನ್ನು ಹೆಸರಿನ ಮುಂದೆ ಬರೆದಿಡಿ.